ಅಕ್ಕನ ಕಾರ್ಪೆಟ್ಟಿನ ಕೆಂಪು ಕಲೆ

ಬೀದಿಯ ತಿರುವಿನಲ್ಲಿ ಇಸ್ತ್ರಿ ಹಾಕುವವನ ಕೈಯೂ ಬಿಸಿ, ಬಾಯಿಯೂ ಬಿಸಿ. ಬೆನ್ನ ಹಿಂದೆ ಎಲ್ಲರೂ ಅವನನ್ನು ಕೆಂಡಪ್ಪ ಅನ್ನುತ್ತಿದ್ದರು. ಅಂಥವನು ಆ ಗುರುವಾರ ಅಕ್ಕನ ಮನೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದ.

ಅಕ್ಕ ಮಗಳ ಬಾಣಂತನಕ್ಕೆ ಹೋಗುವಾಗ ಬೀಗದ ಕೈ ಅವನಿಗೆ ಕೊಟ್ಟಿದ್ದಳು. ಭಾನುವಾರ ವಾಪಸು. ಅಪ್ಪ ಅಮ್ಮ ಇಲ್ಲದ ಹತ್ತು ವರ್ಷದ ತಮ್ಮನನ್ನು ತಾನು ಮದುವೆಯಾದ ಹೊಸದರಲ್ಲೇ ಕರೆತಂದು ಸಾಕಿದವಳು ಅವಳು. ಮನೆಯಲ್ಲಿ ಇನ್ನೊಂದು ಹಾಸಿಗೆ ಇರಲಿಲ್ಲ. ಬಾವ ಆಸೆಪಟ್ಟು ಕೊಂಡಿದ್ದ ಉಣ್ಣೆ ಕಾರ್ಪೆಟ್ಟನ್ನೇ ಮಡಚಿ ಅವನಿಗೆ ಹಾಸಿಕೊಟ್ಟಿದ್ದರು. ಬಾವ ಈಗಿಲ್ಲ, ಕಾರ್ಪೆಟ್ ಇದೆ. ಅದರ ಮೇಲೀಗ ತಟ್ಟೆಯಗಲ ಕೆಂಪು ಕಲೆ.

ಆದದ್ದಿಷ್ಟು. ಬಟ್ಟೆಗೆ ನೀರು ಚಿಮುಕಿಸಿ, ಸುತ್ತಿ, ಗಂಟು ಕಟ್ಟಿಟ್ಟರೆ ಮರುದಿನ ಇಸ್ತ್ರಿ ಸಲೀಸು. ರಾತ್ರಿ ಮನೆ ಕಾಯಲು ಬಂದವನು ಅಂಥದೊಂದು ಗಂಟನ್ನು ಕಾರ್ಪೆಟ್ ಮೇಲೆ ಇಟ್ಟಿದ್ದ. ಒಳಗಿದ್ದ ಹೊಸ ಕೆಂಪು ಪರದೆ ಬಣ್ಣ ಬಿಟ್ಟಿತು. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಸಿಟ್ಟು ನೆತ್ತಿಗೇರಿ, ಒದ್ದೆ ಬಟ್ಟೆ ಹಾಸಿ ಕಲೆಯ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿದ. ಅವನಿಗೆ ಗೊತ್ತಿದ್ದ ಮದ್ದು ಅದೊಂದೇ.

ಎದುರು ಸಾಲಿನಲ್ಲಿ ಕಲೆಯಮ್ಮ ಇದ್ದಳು, ಇಪ್ಪತ್ತು ವರ್ಷದಿಂದ ಆಸ್ಪತ್ರೆಯ ಲಾಂಡ್ರಿಯಲ್ಲಿ ಒಗೆದು ಕಲೆ ತೆಗೆಯುವವಳು. ಅವಳ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಎರಡು ವರ್ಷದ ಹಿಂದೆ ಅವಳು, "ನಿನ್ನ ಪೆಟ್ಟಿಗೆ ಕಾವು ಜಾಸ್ತಿ ಕಣಪ್ಪಾ" ಅಂದದ್ದಕ್ಕೆ ಇವನು ನಡುಬೀದಿಯಲ್ಲಿ ಬಾಯಿಗೆ ಬಂದಂತೆ ಬೈದಿದ್ದ. ಆಮೇಲೆ ಮಾತಿಲ್ಲ. ಈಗ ಅವಳ ಬಾಗಿಲಿಗೇ ಹೋಗಿ ನಿಂತ.

ಅವಳು ಬಂದು, ಬಗ್ಗಿ ನೋಡಿದಳು. "ಬೇಯಿಸಿಬಿಟ್ಟಿದ್ದೀಯಲ್ಲೋ."

"ಕಲೆ ಹೋಗುತ್ತಾ ಅಮ್ಮಾ?"

"ಕಾವು ತಾಗಿದ ಬಣ್ಣ ಉಣ್ಣೇನ ಕಚ್ಕೊಂಡಿರುತ್ತೆ. ಮಾತು ಕೊಡಲ್ಲ. ತಣ್ಣೀರು, ಬಿಳಿ ಬಟ್ಟೆ ತಾ. ಬಾಯಿ ಮಾತ್ರ ಮುಚ್ಕೊಂಡಿರು."

ಮೊದಲು ಕಾಣದ ಮೂಲೆಯಲ್ಲಿ ಒತ್ತಿ ನೋಡಿ, ಕಾರ್ಪೆಟ್ಟಿನ ಬಣ್ಣ ಬಿಡುವುದಿಲ್ಲ ಎಂದು ಖಾತ್ರಿ ಮಾಡಿಕೊಂಡಳು. ತಣ್ಣೀರಿಗೆ ಪಾತ್ರೆ ಸೋಪಿನ ನಾಲ್ಕು ಹನಿ, ಒಂದು ಚಮಚ ಬಿಳಿ ವಿನೆಗರ್. ಅಂಚಿನಿಂದ ನಡುವಿಗೆ ಒತ್ತುವುದು, ಎತ್ತುವುದು, ಬಟ್ಟೆ ಬದಲಿಸುವುದು. ಅವನು ಉಜ್ಜಲು ಹೋದರೆ ಕೈ ಮೇಲೊಂದು ಏಟು.

"ಉಜ್ಜಿದ್ರೆ ಹರಡುತ್ತೆ. ಅದರ ಜೊತೆಗೂ ಜಗಳಕ್ಕೆ ನಿಲ್ಲಬೇಡ."

ಮೂರು ಸಂಜೆ, ಕೆಲಸ ಮುಗಿಸಿ ಬಂದು ಮಂಡಿಯೂರಿದಳು. ಮೊದಲ ದಿನ ಬಟ್ಟೆಗೆ ಕೆಂಪು ಬಂತು, ಮರುದಿನ ತಿಳಿ ಗುಲಾಬಿ. ಶನಿವಾರ ಎತ್ತಿದ ಬಟ್ಟೆ ಬೆಳ್ಳಗಿತ್ತು, ಕೆಳಗೆ ಕಲೆಯೂ ಇರಲಿಲ್ಲ.

ಅವನು ಆ ಬಟ್ಟೆ ಮಡಚಿಟ್ಟ. "ನಾನು ಅಷ್ಟೊಂದು ಅಂದಿದ್ದರೂ ಬಂದೆಯಲ್ಲಮ್ಮಾ."

"ಬಣ್ಣದ ಕಲೆ ನನ್ನ ಕೆಲಸ. ಅವತ್ತಿನ ಬೈಗುಳ ನಿಂದು, ನೀನೇ ತೆಗಿ."

"ತಪ್ಪಾಯ್ತು," ಅಂದ. ಹುಟ್ಟಿದ ಮೇಲೆ ಎಷ್ಟು ಸಲ ಅಂದಿದ್ದನೋ, ಬೆರಳಿನಲ್ಲಿ ಎಣಿಸಬಹುದು.

ಭಾನುವಾರ ಅಕ್ಕ ಚೀಲ ಇಳಿಸುವ ಮೊದಲೇ ನಿಂತುಬಿಟ್ಟಳು. "ಇದೇನೋ, ಇಲ್ಲೊಂದು ಕಡೆ ಮಾತ್ರ ಹೊಸದರ ಹಾಗಿದೆ?"

ಎಲ್ಲ ಒಪ್ಪಿಸಿದ. ಅವಳು ಬಗ್ಗಿ ಆ ಜಾಗ ಸವರಿದಳು. "ನೀನು ತಲೆಯಿಟ್ಟು ಮಲಗ್ತಿದ್ದದ್ದು ಇಲ್ಲೇ ಅಲ್ವೇನೋ. ಸರಿ, ಇನ್ನು ಉಳಿದದ್ದನ್ನೂ ಹೀಗೇ ತೊಳಿ. ಮೊದಲು ಹೋಗಿ ಆಯಮ್ಮನ್ನ ಕರ್ಕೊಂಡು ಬಾ, ಚಹಾ ಇಡ್ತೀನಿ."

ಅವನು ಚಪ್ಪಲಿ ಮೆಟ್ಟದೆ ಓಡಿದ.

ಅಲ್ಲಿಂದೀಚೆಗೆ ಕಲೆಯಮ್ಮನ ಬಟ್ಟೆಗೆಲ್ಲ ಇಸ್ತ್ರಿ ಅವನದೇ. ಕಾವು ಎಷ್ಟಿರಲಿ ಅಂತ ಅವಳನ್ನು ಕೇಳಿಯೇ ಪೆಟ್ಟಿಗೆ ಎತ್ತುತ್ತಾನೆ.