ಹದಿನಾಲ್ಕನೇ ಮಹಡಿಯಲ್ಲಿ ಉಕ್ಕಿದ ಹಾಲು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಯಲಹಂಕದ ಅಪಾರ್ಟ್‌ಮೆಂಟ್ ಒಂದರ ಖಾಲಿ ಮನೆಯಲ್ಲಿ ಮುನಿಯಲ್ಲಮ್ಮ ಮಂಡಿಯೂರಿ ಕೂತು, ಹಣೆಗಿಡುವ ಸ್ಟಿಕ್ಕರ್ ಬೊಟ್ಟುಗಳನ್ನು ಒಂದೊಂದಾಗಿ ಬಿಡಿಸಿ ಪ್ಲಗ್ಗಿನ ಸ್ವಿಚ್ಚುಗಳಿಗೆ ಅಂಟಿಸುತ್ತಿದ್ದಾರೆ. ನಾಳೆ ಮಧ್ಯಾಹ್ನ ಜಪಾನಿನ ಒಂದು ಸಂಸಾರ ಇಲ್ಲಿಗೆ ಬಾಡಿಗೆಗೆ ಬರಲಿದೆ.

"ಅವ್ರ ದೇಸದಾಗೆ ಪ್ಲಗ್ಗಿಗೆ ಸ್ವಿಚ್ಚೇ ಇರಾಕಿಲ್ವಂತೆ. ಚಾರ್ಜರ್ ಚುಚ್ಚಿ, ಕರೆಂಟೇ ಇಲ್ಲ ಅಂತ ಕೂತ್ಕೊತಾರೆ ಪಾಪ. ಬೊಟ್ಟು ಇರೋದನ್ನ ಒತ್ತಿ ಅಂದ್ರೆ ಆಯ್ತು" ಎನ್ನುತ್ತಾರೆ. ಬೊಟ್ಟು ಅವರದೇ ಪ್ಯಾಕೆಟ್ಟಿನದು. ಕಂಪನಿಯ ಪಟ್ಟಿಯಲ್ಲಿ ಅದಿಲ್ಲ.

ಒಳಕೋಣೆಯಿಂದ ಮಂಚ ಜೋಡಿಸುವ ಪಿಳ್ಳಣ್ಣನ ದನಿ ಬರುತ್ತದೆ. "ಅಕ್ಕಾ, ತಲೆ ಯಾವ ಕಡೆ?"

"ಯಾವ ಕಡೆಯಾದ್ರೂ ಆಕು, ಉತ್ತರಕ್ಕೆ ಬ್ಯಾಡ."

"ಪ್ಲಾನಲ್ಲಿ ಉತ್ತರಕ್ಕೇ ತೋರ್ಸವ್ರೆ ಕಣಕ್ಕ."

"ಪ್ಲಾನ್ ಬರ್ದೋನು ಬಂದು ಮಲಗ್ತಾನಾ? ತಿರುಗ್ಸು."

ಮಂಚ ತಿರುಗುತ್ತದೆ.

ಮುನಿಯಲ್ಲಮ್ಮನಿಗೆ ನಲವತ್ತಾರು. ಊರು ಹುಣಸಮಾರನಹಳ್ಳಿ. ಕೆಲಸಕ್ಕೆಂದು ವಿದೇಶದಿಂದ ಬರುವವರಿಗೆ ಬಾಡಿಗೆ ಮನೆ ಹುಡುಕಿ, ಸಜ್ಜು ಮಾಡಿಕೊಡುವ ಕಂಪನಿಯೊಂದರಲ್ಲಿ ಒಂಬತ್ತು ವರ್ಷದಿಂದ ದುಡಿಯುತ್ತಿದ್ದಾರೆ. ಒಂದು ಮನೆಗೆ ಎರಡು ದಿನ. ಚಮಚದಿಂದ ಪರದೆಯವರೆಗೆ ಪಟ್ಟಿಯಲ್ಲಿ ನೂರ ನಲವತ್ತೆರಡು ಸಾಮಾನು. ಇದುವರೆಗೆ ಅವರು ಅಣಿಮಾಡಿದ ಮನೆಗಳು ಇನ್ನೂರ ಮೂವತ್ತೊಂದು. ಬಾಗಿಲು ತೆರೆದವರಿಗೆ ಹಾಸಿದ ಹಾಸಿಗೆ, ಫ್ರಿಜ್ಜಿನಲ್ಲಿ ಮೊಟ್ಟೆ ಬ್ರೆಡ್ಡು, ಊಟದ ಮೇಜಿನ ಮೇಲೆ ಸ್ವಾಗತದ ಕಾರ್ಡು ಸಿಗುತ್ತವೆ. ಕಾರ್ಡಿನಲ್ಲಿ ಮ್ಯಾನೇಜರ್ ಕಶ್ಯಪ್ ಅವರ ಸಹಿ ಇರುತ್ತದೆ. ಹೆಚ್ಚಿನ ಮನೆಗಳನ್ನು ಕಶ್ಯಪ್ ನೋಡಿಯೇ ಇಲ್ಲ. ಬಾಡಿಗೆದಾರರು ಬರುವ ಒಂದು ಗಂಟೆ ಮೊದಲೇ ಮುನಿಯಲ್ಲಮ್ಮ ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಇಳಿದು ಹೋಗಿರಬೇಕು. ಇನ್ನೂರ ಮೂವತ್ತೊಂದು ಮನೆಗಳಲ್ಲಿ ಒಬ್ಬರೂ ಅವರ ಮುಖ ಕಂಡಿಲ್ಲ.

ಈ ಮನೆಯಲ್ಲಿ ಮೂರು ಬಚ್ಚಲುಗಳಿವೆ. ಮೂರನ್ನೂ ಉಜ್ಜಿ, ಟವೆಲ್ ತೂಗುಹಾಕಿ, ಟಿಶ್ಯೂ ಸುರುಳಿಯ ತುದಿಯನ್ನು ತ್ರಿಕೋನವಾಗಿ ಮಡಚುವವರು ಮುನಿಯಲ್ಲಮ್ಮ. ಬಳಸುವಂತಿಲ್ಲ. ನೆಲಮಾಳಿಗೆಯಲ್ಲಿ ಡ್ರೈವರುಗಳಿಗೆಂದು ಇರುವ ಶೌಚಾಲಯಕ್ಕೆ ಹೋಗಬೇಕು. ಅದರ ಬಾಗಿಲಿಗೆ ಚಿಲಕವಿಲ್ಲ. "ಬೆಳಿಗ್ಗಿಂದ ನೀರೇ ಕುಡಿಯಾಕಿಲ್ಲ ನಾನು" ಎಂದು ಕರವಸ್ತ್ರ ಮಡಚಿದಷ್ಟು ಸಲೀಸಾಗಿ ಹೇಳುತ್ತಾರೆ. ಇದು ನಿಯಮವೇ ಎಂದು ಕೇಳಿದರೆ, ಎಲ್ಲೂ ಬರೆದಿಲ್ಲ ಎಂಬ ಉತ್ತರ ಸಿಗುತ್ತದೆ. ನಿಜ, ಬರೆದಿಲ್ಲ. ಬರೆಯುವ ಅಗತ್ಯವೇ ಯಾರಿಗೂ ಬಿದ್ದಿಲ್ಲ. ಎಲ್ಲರಿಗೂ ಗೊತ್ತಿದ್ದು ಯಾರೂ ಆಡದ ಮಾತಿಗೆ ಈ ನಗರದಲ್ಲಿ ಕಾನೂನಿಗಿಂತ ಹೆಚ್ಚು ಬಲವಿದೆ.

ಮುನಿಯಲ್ಲಮ್ಮನ ಚೀಲದಲ್ಲಿ ಮಡಚಿಟ್ಟ ಒಂದು ಕಾಗದವಿದೆ. ಇಂದು ಸಂಜೆ ನಾಲ್ಕರೊಳಗೆ ಅದಕ್ಕೆ ಸಹಿ ಹಾಕಿ ಆಫೀಸಿಗೆ ಕೊಡಬೇಕು. ಇಲ್ಲವಾದರೆ ಕೊರಳಲ್ಲಿರುವ ಗುರುತಿನ ಕಾರ್ಡನ್ನು ಬಿಚ್ಚಿಕೊಟ್ಟು ಹೋಗಬೇಕು.

ನಡೆದದ್ದು ಇಷ್ಟು. ಕಳೆದ ತಿಂಗಳು ಹೆಬ್ಬಾಳದಲ್ಲಿ, ಹದಿನಾಲ್ಕನೇ ಮಹಡಿಯ ಮನೆಯೊಂದನ್ನು ಮುನಿಯಲ್ಲಮ್ಮ ಅಣಿಮಾಡಿದರು. ಬರಲಿದ್ದವರು ಹಾಲೆಂಡಿನ ಗಂಡ ಹೆಂಡತಿ ಮತ್ತು ಎಂಟು ತಿಂಗಳ ಕೂಸು. ಪ್ರತಿ ಮನೆಯಲ್ಲೂ ಕೊನೆಯ ಬೆಳಿಗ್ಗೆ ಮಾಡುವುದನ್ನು ಅಲ್ಲೂ ಮಾಡಿದರು. ತಾವೇ ಕೊಂಡು ತಂದ ಅರ್ಧ ಲೀಟರ್ ಹಾಲನ್ನು, ತಮ್ಮ ಮನೆಯ ಪುಟ್ಟ ಪಾತ್ರೆಯಲ್ಲಿ ಒಲೆಯ ಮೇಲಿಟ್ಟು ಉಕ್ಕಿಸಿದರು. ಉಳಿದದ್ದನ್ನು ಎಂದಿನಂತೆ ಕೆಳಗಿನ ಗಿಡದ ಬುಡಕ್ಕೆ ಸುರಿದರು.

"ಒಸ ಮನೆಗೆ ಆಲು ಉಕ್ಕಿಸ್ದೆ ಎಂಗೆ ಒಳಗೆ ಬರ್ತಾರೆ? ಅವ್ರಿಗೆ ಗೊತ್ತಿಲ್ಲ. ಗೊತ್ತಿರೋಳು ನಾನು ಅಲ್ಲೇ ಇದೀನಲ್ಲ" ಎನ್ನುತ್ತಾರೆ.

ಆದರೆ ಅದು ಗ್ಯಾಸ್ ಒಲೆಯಲ್ಲ, ಗಾಜಿನ ಹಾಸಿನ ಕರೆಂಟ್ ಒಲೆ. ಉಕ್ಕಿದ ಹಾಲು ಗಾಜಿನ ಅಂಚಿನಿಂದ ಒಳಗಿಳಿಯಿತು. ಒರೆಸಿದರೂ ಕಂದು ಕಲೆ ಉಳಿಯಿತು. ವಾರದಲ್ಲಿ ಒಲೆ ಕೆಟ್ಟಿತು. ರಿಪೇರಿಗೆ ಬಂದವರು ಬಿಚ್ಚಿ ನೋಡಿ, ಒಳಗೆ ಹಾಲು ಸುಟ್ಟು ಅಂಟಿದೆ ಎಂದರು.

"ತಪ್ಪು ನಂದೇ. ಆ ಒಲೆ ನಂಗೆ ಗೊತ್ತಿರ್ಲಿಲ್ಲ. ಇಲ್ಲ ಅಂತ ಯಾವತ್ತೂ ಅಂದಿಲ್ಲ ನಾನು."

ಕಾಗದದಲ್ಲಿ ಇರುವುದು ಬೇರೆ. ಇಂಗ್ಲಿಷಿನಲ್ಲಿದ್ದ ಅದನ್ನು ಬಿಕಾಂ ಓದುವ ಮಗಳು ಮೋನಿಕಾ ಓದಿ ಹೇಳಿದ್ದಾಳೆ: ನನ್ನ ಸ್ವಂತಕ್ಕೆ ಟೀ ಮಾಡಿಕೊಳ್ಳಲು ಗ್ರಾಹಕರ ಒಲೆಯನ್ನು ಅನುಮತಿಯಿಲ್ಲದೆ ಬಳಸಿದೆ, ಕ್ಷಮೆ ಇರಲಿ. ಒಂಬತ್ತು ವರ್ಷದಲ್ಲಿ ಮುನಿಯಲ್ಲಮ್ಮನ ಪೂರ್ತಿ ಹೆಸರನ್ನು ಕಂಪನಿ ಟೈಪ್ ಮಾಡಿಸಿದ ಮೊದಲ ಪತ್ರವಿದು.

ಮೂರೂವರೆಗೆ ಸಹಕಾರ ನಗರದ ಆಫೀಸು. ಕಶ್ಯಪ್ ಕೂಗಾಡುವ ಮನುಷ್ಯರಲ್ಲ. ಕುರ್ಚಿ ತೋರಿಸುತ್ತಾರೆ, ನೀರು ತರಿಸುತ್ತಾರೆ.

"ನೋಡಿ ಮುನಿಯಲ್ಲಮ್ಮ, ನಿಮ್ ಮೇಲೆ ನಂಗೇನೂ ಕೋಪ ಇಲ್ಲ. ಈ ಲೆಟರ್ ಆ ಹಾಲೆಂಡಿನವ್ರಿಗೆ ಹೋಗ್ಬೇಕು. ಹಾಲು ಉಕ್ಕಿಸಿದ್ರು ಅಂತ ಬರೆದ್ರೆ, ಯಾಕೆ ಏನು ಅಂತ ನೂರು ಪ್ರಶ್ನೆ ಬರುತ್ತೆ. ಟೀ ಅಂದ್ರೆ ಎಲ್ಲರಿಗೂ ಅರ್ಥ ಆಗುತ್ತೆ. ಸಿಂಪಲ್."

ಬಡವಳೊಬ್ಬಳು ಕದ್ದು ಟೀ ಕುಡಿದಳು ಎಂದರೆ ಜಗತ್ತಿನ ಯಾವ ಮೂಲೆಯವರಿಗೂ ವಿವರಿಸಬೇಕಾಗಿಲ್ಲ ಎಂಬುದನ್ನು ಇಷ್ಟು ಮೆತ್ತಗೆ ಹೇಳಬಹುದು.

ಮುನಿಯಲ್ಲಮ್ಮ ನೀರು ಮುಟ್ಟುವುದಿಲ್ಲ. "ಸಾರ್, ನಿಮ್ಮ ಕೊಡಿಗೇಹಳ್ಳಿ ಫ್ಲಾಟಿನ ಗೃಹಪ್ರವೇಸಕ್ಕೆ ನನ್ನ ಕರ್ಸಿದ್ರಲ್ಲ, ಪಾತ್ರೆ ತೊಳ್ಯಾಕೆ."

"ಹೌದು, ಅದಕ್ಕೇನೀಗ?"

"ಅವತ್ತು ಒಲೆ ಮೇಲೆ ನಿಮ್ಮನೆ ಅಮ್ಮಾವ್ರು ಟೀ ಕಾಯ್ಸಿದ್ರಾ?"

ಕಶ್ಯಪ್ ಪೆನ್ನನ್ನು ಮುಂದೆ ಸರಿಸುತ್ತಾರೆ. ಆಚೆ ಮೇಜುಗಳಲ್ಲಿ ಟೈಪ್ ಮಾಡುತ್ತಿದ್ದ ಕೈಗಳು ನಿಲ್ಲುತ್ತವೆ. ಅಲ್ಲಿರುವ ಒಬ್ಬೊಬ್ಬರೂ ಒಂದಲ್ಲ ಒಂದು ಮನೆಯಲ್ಲಿ ಹಾಲು ಉಕ್ಕಿಸಿದವರೇ. ಒಬ್ಬರಾದರೂ ಬಾಯಿ ತೆರೆಯಬಹುದಿತ್ತು. ತೆರೆಯುವುದಿಲ್ಲ.

ಮುನಿಯಲ್ಲಮ್ಮ ಪೆನ್ನು ತೆಗೆದುಕೊಳ್ಳುತ್ತಾರೆ. ಟೀ ಎಂದಿರುವ ಸಾಲನ್ನು ಮೋನಿಕಾ ಪೆನ್ಸಿಲ್ಲಿನಲ್ಲಿ ಗುರುತು ಮಾಡಿ ಕೊಟ್ಟಿದ್ದಾಳೆ. ಅದರ ಮೇಲೆ ಒಂದು ಗೆರೆ ಎಳೆದು, ಕೆಳಗೆ ಕನ್ನಡದಲ್ಲಿ ದಪ್ಪ ದಪ್ಪ ಅಕ್ಷರ ಬರೆಯುತ್ತಾರೆ: "ಹೊಸ ಮನೆಗೆ ಹಾಲು ಉಕ್ಕಿಸಿದೆ. ಒಲೆ ಕೆಟ್ಟಿತು. ತಪ್ಪಾಯಿತು." ಸಹಿ ಹಾಕುತ್ತಾರೆ. ಕಶ್ಯಪ್ ಕಾಗದವನ್ನು ಎಳೆದುಕೊಂಡು ಓದುತ್ತಾರೆ. ಕೊರಳ ಕಾರ್ಡು ಕೊಡಿ ಎನ್ನುವುದಿಲ್ಲ. ನಾಳೆ ಬನ್ನಿ ಎಂದೂ ಹೇಳುವುದಿಲ್ಲ.

ಮೆಟ್ಟಿಲಿಳಿಯುವಾಗ, ಇನ್ನು ಕರೆಯದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದರೆ ಅವರು ಸೆರಗು ಸರಿಮಾಡಿಕೊಂಡು ರಸ್ತೆಯ ಕಡೆ ನೋಡುತ್ತಾರೆ.

"ಬ್ಯಾರೆ ಕೆಲ್ಸ ನೋಡ್ಕೊಂತೀನಿ. ಆದ್ರೆ ಆ ಕೂಸಿನ ತಾಯಿಗೆ ಈ ಕಾಗ್ದ ಕಳಿಸ್ಲೇಬೇಕಂತಲ್ಲ, ಕಳಿಸ್ಲಿ. ಯಾರ್ ಕೈಲಾದ್ರೂ ಓದ್ಸಲಿ ಆವಮ್ಮ. ಅವ್ರ ಮನೆಗೆ ಆಲು ಉಕ್ಕೈತೆ ಅಂತ ತಿಳೀಲಿ. ಕೆಳಗಡೆ ನನ್ನೆಸ್ರು ಐತೆ."