ಅಜ್ಜಿಯ ಜೋಳಕ್ಕೆ ಮೀನಿನ ಪುಡಿ

ಮೊನ್ನೆ ನಮ್ಮ ಬಿಲ್ಡಿಂಗಿನ ಲಿಫ್ಟಿನೊಳಗೆ ಕಾಲಿಟ್ಟ ಕೂಡಲೇ ಒಣಮೀನಿನ ವಾಸನೆ ಮೂಗಿಗೆ ಬಡಿಯಿತು. ಜೊತೆಗಿದ್ದ ಹೆಂಗಸು ದುಪಟ್ಟಾದಿಂದ ಮೂಗು ಮುಚ್ಚಿಕೊಂಡು, ನಾವಿಬ್ಬರೂ ಒಂದೇ ಪಕ್ಷದವರು ಎಂಬಂತೆ ನನ್ನ ಮುಖ ನೋಡಿದಳು. ನಾನೋ ಹುಟ್ಟಾ ಸಸ್ಯಾಹಾರಿ. ಮೊಟ್ಟೆ ಕರಿದ ಬಾಣಲೆಯನ್ನು ತೊಳೆದಿಟ್ಟರೂ ಗುರುತು ಹಿಡಿಯುವ ಮೂಗು ನನ್ನದು. ಆದರೂ ನನಗೆ ನಗು ಬಂತು. ನಾನು ಇಳಿಯಬೇಕಾದ ಮಹಡಿ ದಾಟಿ ಲಿಫ್ಟು ಮೇಲೆ ಹೋದದ್ದೂ ತಿಳಿಯಲಿಲ್ಲ.

ಈಗ ಈ ಲಿಫ್ಟು ಇರುವ ಜಾಗದಲ್ಲೇ, ಎಪ್ಪತ್ತರ ದಶಕದಲ್ಲಿ, ಮುಂಬಯಿಯ ವಿಲೆ ಪಾರ್ಲೆಯಲ್ಲಿ ನಮ್ಮ ಹಳೆಯ ಮೂರು ಅಂತಸ್ತಿನ ಬಿಲ್ಡಿಂಗ್ ಇತ್ತು. ನಾನಾಗ ಕಾಲೇಜು ಹುಡುಗಿ. ನಾವು ವಿಜಾಪುರದ ಕಡೆಯವರು. ಅಪ್ಪನ ತಮ್ಮ ಗುರುಪಾದ ಕಾಕಾ ನಮ್ಮ ಜೊತೆಗೇ ಇದ್ದ. ಧಾರವಾಡದಲ್ಲಿ ಕೃಷಿ ಓದಿ, ಬೆಳೆಗಳ ತಳಿ ತಯಾರಿಸುವ ಕನಸು ಕಂಡು, ಕೊನೆಗೆ ವಿಕ್ರೋಳಿಯ ಕಂಪನಿಯೊಂದರಲ್ಲಿ ಕೀಟನಾಶಕ ಮಾರುವ ಕೆಲಸಕ್ಕೆ ಸೇರಿದ್ದ. ಬೆಳೆ ಔಷಧಿಯಿಲ್ಲದೆ ತನ್ನ ಕಾಲ ಮೇಲೆ ತಾನು ನಿಲ್ಲಬೇಕು ಎಂದು ನಂಬಿದವನು ದಿನವಿಡೀ ಔಷಧಿಯ ಡಬ್ಬಿ ಮಾರುತ್ತಿದ್ದ. ಸಂಜೆ ಮನೆಗೆ ಬಂದಾಗ ಅವನ ಮುಖ, ಮೆಣಸಿನಕಾಯಿ ಇಲ್ಲದ ಝುಣಕದ ಹಾಗೆ ಸಪ್ಪಗಿರುತ್ತಿತ್ತು.

ಆ ವರ್ಷ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಅಜ್ಜಿ ಊರಿನಿಂದ ಬಂದಳು. ಮುಂಬಯಿಯ ಜೋಳದ ಮೇಲೆ ಅವಳಿಗೆ ನಂಬಿಕೆಯಿಲ್ಲ, ಆದ್ದರಿಂದ ಒಂದು ಚೀಲ ಜೋಳವೂ ಜೊತೆಗೆ ಬಂತು. ಊಟಕ್ಕೆ ಕೂತಾಗ ಕಾಕಾ ಹೊಸ ಹೈಬ್ರಿಡ್ ಜೋಳದ ಗೋಳು ಹೇಳಿಕೊಳ್ಳುತ್ತಿದ್ದ. ಫಸಲೇನೋ ಭರ್ಜರಿ, ಆದರೆ ಸಸಿ ಇರುವಾಗಲೇ ಸುಳಿ ನೊಣ ಬೀಳುತ್ತದೆ. ಎಲೆಯ ಅಡಿಯಲ್ಲಿ ಮೊಟ್ಟೆಯಿಡುತ್ತದೆ, ಮರಿಹುಳು ಇಳಿದು ಸುಳಿಯನ್ನೇ ತಿನ್ನುತ್ತದೆ, ನಡುವಿನ ಎಲೆ ಒಣಗಿ, ಎಳೆದರೆ ಕೈಗೆ ಬಂದುಬಿಡುತ್ತದೆ. ಅಜ್ಜಿ ರೊಟ್ಟಿ ಮುರಿಯುತ್ತಾ, “ನಮ್ಮ ಜ್ವಾಳಕ್ಕ ಆ ನೊಣ ಮುಟ್ಟಂಗಿಲ್ಲೋ. ನಮ್ಮತ್ತಿ ಕಾಲದಿಂದ ಅದನ್ನ ಬಿತ್ತೀವಿ” ಅಂದಳು.

ಕಾಕಾನ ಕೈಯಲ್ಲಿನ ತುತ್ತು ಕೈಯಲ್ಲೇ ಉಳಿಯಿತು. ಧಾರವಾಡದ ಅವನ ಮೇಷ್ಟ್ರು ಹುಡುಕುತ್ತಿದ್ದದ್ದೇ ಇಂಥ ಜೋಳವನ್ನು. ನೊಣವನ್ನು ತಡೆಯುವ ಗುಣ ಹುಟ್ಟಿನಿಂದಲೇ ಇರುವ ನಾಟಿ ಜೋಳ ಸಿಕ್ಕರೆ ಅದನ್ನು ಹೊಸ ಜೋಳದೊಂದಿಗೆ ಸಂಕರ ಮಾಡಬಹುದು. ಅಂಥದ್ದೊಂದನ್ನು ತೋರಿಸು, ನಿನ್ನನ್ನು ನನ್ನ ಹೊಲಕ್ಕೆ ಕರೆಸಿಕೊಳ್ಳುತ್ತೇನೆ ಎಂದು ಅವರು ಮಾತು ಕೊಟ್ಟಿದ್ದರು. ಔಷಧಿ ಡಬ್ಬಿಗಳಿಂದ ಪಾರಾಗಲು ಕಾಕಾನಿಗೆ ಇದ್ದದ್ದು ಅದೊಂದೇ ದಾರಿ.

ಪ್ರಯೋಗಕ್ಕೆ ಹೊಲವಿಲ್ಲ, ತಾರಸಿಯಿತ್ತು. ಕೆಳಮಹಡಿಯಲ್ಲಿದ್ದ ಬಿಲ್ಡಿಂಗಿನ ಮಾಲೀಕ ಸೇಠ್‌ಜೀಯನ್ನು ಕಾಕಾ, “ಜೋಳದ ಗಿಡ ಹಾಕ್ತೀನಿ, ಪಕ್ಷಿಗಳಿಗೆ ಕಾಳಾಯ್ತದೆ” ಎಂದು ಹಿಂದಿಯಲ್ಲಿ ಪುಸಲಾಯಿಸಿದ. ಪುಣ್ಯದ ಮಾತು, ಸೇಠ್‌ಜೀ ಕೂಡಲೇ ಬೀಗದ ಕೈ ಕೊಟ್ಟರು. ಮಳೆ ಕಡಿಮೆಯಾದ ಮೇಲೆ ಸೀಮೆಎಣ್ಣೆ ಡಬ್ಬಗಳಲ್ಲಿ ಒಂದು ಕಡೆ ಹೈಬ್ರಿಡ್, ಇನ್ನೊಂದು ಮೂಲೆಯಲ್ಲಿ ಅಜ್ಜಿಯ ಜೋಳ ಮೊಳೆಯಿತು. ಇನ್ನು ಬೇಕಾದದ್ದು ನೊಣ. ವಿಮಾನ ನಿಲ್ದಾಣದ ಕಡೆಯ ಹುಲ್ಲಿನಲ್ಲಿ ಅವು ಇದ್ದೇ ಇರುತ್ತವೆ, ಕರೆಯುವುದು ಗೊತ್ತಿರಬೇಕು ಅಷ್ಟೆ ಎಂದ ಕಾಕಾ. ಕರೆಯುವ ಉಪಾಯ ಒಣಮೀನಿನ ಪುಡಿ! ಜೋಳದ ಎಲೆಯಲ್ಲೇ ಹುಟ್ಟಿ ಬೆಳೆಯುವ ಈ ನೊಣಕ್ಕೆ ಮೀನಿನ ವಾಸನೆಯೆಂದರೆ ಪ್ರಾಣವಂತೆ. ಮನೆಯಲ್ಲಿ ಸಸ್ಯಾಹಾರಿ, ಹೊರಗೆ ಹೋದರೆ ಬೇರೆ ಎನ್ನುವವರು ನಮ್ಮ ಬಿಲ್ಡಿಂಗಿನಲ್ಲೂ ಇದ್ದರು, ಹೆಸರು ಬೇಡ.

ಹುಟ್ಟಿದಾರಭ್ಯ ಮೀನು ಮುಟ್ಟದ ಕಾಕಾ, ವಿಕ್ರೋಳಿಯಿಂದ ಬರುವಾಗ ದಾದರಿನಲ್ಲಿಳಿದು ಒಣಮೀನು ಮಾರುವ ಹೆಂಗಸಿನ ಮುಂದೆ ನಿಂತ. ನೊಣಗಳಿಗೆ ತಿನ್ನಿಸಬೇಕು, ಎಲ್ಲಕ್ಕಿಂತ ಹೆಚ್ಚು ನಾರುವುದನ್ನು ಕೊಡು ಅಂದ. ಅವಳು, “ಮಕ್ಖೀ ಭಗಾನೇವಾಲಾ ದೇಖಾ ಬಾಬಾ, ಮಕ್ಖೀ ಬುಲಾನೇವಾಲಾ ಆಜ್ ದೇಖಾ!” ಎಂದು, ನೊಣ ಓಡಿಸುವವರ ನಡುವೆ ಸಿಕ್ಕ ಈ ನೊಣ ಕರೆಯುವವನನ್ನು ತೋರಿಸಲು ಅಕ್ಕಪಕ್ಕದವರನ್ನೆಲ್ಲ ಕೂಗಿ ಕರೆದಳಂತೆ. ಆ ಸಂಜೆ ಕಿಕ್ಕಿರಿದ ಲೋಕಲಿನಲ್ಲಿ ಕಾಕಾನಿಗೆ ಜನ್ಮದಲ್ಲಿ ಮೊದಲ ಸಲ ಕಾಲು ಚಾಚಿ ಕೂರಲು ಜಾಗ ಸಿಕ್ಕಿತು. ಅಂತೂ ಹಗಲು ನೊಣ ಕೊಲ್ಲುವ ಔಷಧಿ ಮಾರಿ, ಸಂಜೆ ನೊಣಕ್ಕೆ ಊಟ ಹಾಕುವ ದಿನಚರಿ ಶುರುವಾಯಿತು.

ಒದ್ದೆ ಮಾಡಿದ ಮೀನಿನ ಪುಡಿ ಬಿಸಿಲಿಗೆ ಕಾದಾಗ ಏನಾಗುತ್ತದೆ ಎಂದು ನಾನು ಹೇಳುವುದಿಲ್ಲ, ನೀವು ಊಟ ಮುಗಿಸಿದ್ದೀರೋ ಇಲ್ಲವೋ. ಸೇಠ್‌ಜೀ ಮೂಗಿಗೆ ಕರವಸ್ತ್ರ ಹಿಡಿದು ಒಂದೊಂದೇ ಮೆಟ್ಟಿಲು ಮೂಸುತ್ತಾ ಮೇಲೆ ಬಂದರು. ಕಾಕಾ ಗೊಬ್ಬರ ಅಂದ. ಗೊಬ್ಬರವೆಂದ ಮೇಲೆ ನಾರಬೇಕಾದದ್ದೇ ಎಂದು ಅವರು ಕೆಳಗಿಳಿದರು. ನಿಜವಾದ ಲಾಭ ಎರಡನೆಯ ಮಹಡಿಯ ಪದ್ಮಕ್ಕನಿಗೆ. ಮಂಗಳೂರಿನ ಕೊಂಕಣಿ ಹೆಂಗಸು, ಸೇಠ್‌ಜೀಗೆ ಹೆದರಿ ಕಿಟಕಿ ಮುಚ್ಚಿ, ಊದಿನಕಡ್ಡಿ ಹಚ್ಚಿ ಕಳ್ಳತನದಲ್ಲಿ ಮೀನು ಹುರಿಯುತ್ತಿದ್ದವರು ಈಗ ಬಾಗಿಲು ತೆರೆದೇ ಹುರಿಯತೊಡಗಿದರು. “ಗುರುಪಾದಣ್ಣ, ನಿಮ್ಮ ಈ ಗೊಬ್ಬರ ಇನ್ನೂ ಎರಡು ವರ್ಷ ನಡೀಲಿ ಮಾರಾಯ್ರೇ” ಎಂದು ಹರಸಿದರು.

ದಿನ ಕಳೆದ ಹಾಗೆ ಹೈಬ್ರಿಡ್ ಸಸಿಗಳ ಸುಳಿ ಒಂದೊಂದಾಗಿ ಒಣಗಿತು. ಅಜ್ಜಿಯ ಜೋಳದಲ್ಲಿ ಒಂದೂ ಬಾಡಲಿಲ್ಲ. ಕಾಕಾ ತಾರಸಿಯ ಮೇಲೆ ಕುಣಿಯುವುದೊಂದು ಬಾಕಿ. ಸಭೆಗೆಂದು ಮುಂಬಯಿಗೆ ಬಂದಿದ್ದ ಮೇಷ್ಟ್ರನ್ನು ಒಂದು ಭಾನುವಾರ ಕರೆತಂದೇಬಿಟ್ಟ.

ಮೇಷ್ಟ್ರು ಹೈಬ್ರಿಡ್ ಕಡೆ ಮೂಗು ಮುಚ್ಚಿಕೊಂಡು ಬಗ್ಗಿ ನೋಡಿದರು. ಅಜ್ಜಿಯ ಮೂಲೆಗೆ ಬಂದು ಮೂಗಿನಿಂದ ಕೈ ತೆಗೆದರು. ಇನ್ನೊಮ್ಮೆ ಮೂಸಿದರು. “ಗುರುಪಾದ, ಇಲ್ಲ್ಯಾಕ ಲೋಬಾನ ವಾಸನಿ ಬರಾಕತ್ತೇತಿ?” ಅಂದರು.

ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಗೊರಗಿ ಕೂತಿದ್ದ ಅಜ್ಜಿ ಹೆಮ್ಮೆಯಿಂದ ಎದ್ದಳು. “ನಾನ ಹಾಕೀನ್ರಿ. ಇಂವ ಕೆಲಸಕ್ಕ ಹೋದ ಮ್ಯಾಲೆ ದಿನಾ ಆ ಹೊಲಸು ಕೆರದು ತಗದು, ಲೋಬಾನ ಹಾಕತೀನಿ. ಶಿವನಿಗೆ ಎಡಿ ಹಿಡದ ಜ್ವಾಳ್ರೀ ಅದು. ಮೀನದಾಗ ಕುಂದರಸಾಕ ಬರತೈತೇನು?”

ಕಾಕಾನ ಮುಖ ನೋಡಲಾಗಲಿಲ್ಲ. ಮೀನೂ ಇಲ್ಲ, ಮೇಲೆ ಹೊಗೆ ಬೇರೆ. ಅಂಥ ಕಡೆ ಯಾವ ನೊಣ ಬಂದೀತು? ಮೇಷ್ಟ್ರು ನಕ್ಕು ನಕ್ಕು ಡಬ್ಬದ ಮೇಲೇ ಕೂತರು. ಆಮೇಲೆ, “ನಾ ಮತ್ತ ಬರತೀನಿ. ಇನ್ನೊಮ್ಮೆ ಬಿತ್ತು” ಎಂದು ಹೇಳಿ ಹೋದರು. ಕಾಕಾ ಅಂದು ಊಟ ಮಾಡಲಿಲ್ಲ. ಬೈಯಲೂ ಇಲ್ಲ. “ಅವ್ವಾ, ನಿನ್ನ ಜ್ವಾಳ ಖರೇನ ಗಟ್ಟಿ ಇತ್ತೋ ಏನೋ, ಈಗ ಯಾರಿಗಿ ಗೊತ್ತು” ಎಂದಷ್ಟೇ ಅಂದ.

ಆ ಮಾತು ಅಜ್ಜಿಗೆ ನಾಟಿತು. ತನ್ನ ಅತ್ತೆಯ ಕಾಲದ ಜೋಳದ ಮೇಲೆ ಅನುಮಾನವೇ! ಮತ್ತೆ ಬಿತ್ತಿ ಸಸಿ ಎದ್ದ ದಿನ, ಅವಳು ಕಾಕಾನ ಕೈಯಿಂದ ಪುಡಿಯ ಚೀಲ ಕಸಿದುಕೊಂಡಳು. ಸೆರಗಿನಿಂದ ಮೂಗು ಬಿಗಿದು, ತೆಂಗಿನ ಚಿಪ್ಪಿನಲ್ಲಿ ಪುಡಿ ತುಂಬಿ, ತನ್ನ ಡಬ್ಬಗಳಿಗೆ ತಾನೇ ಹಾಕಿದಳು, ಹೈಬ್ರಿಡ್‌ಗಿಂತ ಒಂದು ಹಿಡಿ ಹೆಚ್ಚೇ. ಕೆಳಗಿಳಿದು ತಲೆಯ ಮೇಲೆ ನೀರು ಸುರಿದುಕೊಂಡು ವಿಭೂತಿ ಹಚ್ಚಿಕೊಂಡಳು. ಪುಡಿ ಹಾಕುವಾಗೆಲ್ಲ ಇದೇ ಕ್ರಮ. ಅವಳ ಸ್ನಾನಕ್ಕೇ ನಲ್ಲಿಯ ನೀರು ಮುಗಿದು ನಾನು ಎಷ್ಟೋ ಸಲ ಮುಖ ಮಾತ್ರ ತೊಳೆದುಕೊಂಡು ಕಾಲೇಜಿಗೆ ಓಡಿದೆ. “ಶಿವನ ಮುಂದ ನಾ ಹೇಳಿಕೋತೀನಿ, ನೀ ಸುಮ್ಕಿರು” ಎನ್ನುತ್ತಿದ್ದಳು.

ಮೇಷ್ಟ್ರು ಮತ್ತೆ ಬಂದಾಗ ಹೈಬ್ರಿಡ್ ಪೂರ್ತಿ ಒಣಗಿತ್ತು. ಅಜ್ಜಿಯ ಜೋಳದಲ್ಲಿ ಅರ್ಧ ಹೋಗಿತ್ತು, ಅರ್ಧ ಹಸಿರಾಗಿ ನಿಂತಿತ್ತು. ಅಜ್ಜಿ ಒಣಗಿದ ಸುಳಿಯೊಂದನ್ನು ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದಳು. ಸೋತೆ ಎಂದುಕೊಂಡಿದ್ದಳು ಪಾಪ. ಮೇಷ್ಟ್ರು ನಿಂತ ಸಸಿಗಳ ಎಲೆಯ ಅಡಿಯನ್ನು ಬೆರಳಿನಿಂದ ಸವರಿ, “ಅಮ್ಮಾರ, ಇಷ್ಟು ನೊಣದಾಗ ಅರ್ಧ ನಿಂತಾವಂದ್ರ ಭಾಳ ಆತ್ರಿ. ನಮಗ ಬೇಕಾದ್ದು ಇದ” ಅಂದರು.

ಅಜ್ಜಿ ನಿಂತ ಸಸಿಯೊಂದರ ಎಲೆ ಸವರಿದಳು. “ನಾನೂ ಆರು ಹಡದಾಕಿ, ಸಾಹೇಬ್ರ. ಮೂರು ನಿಂತ್ವು” ಅಂದಳು. ಕಾಕಾ ತಲೆ ತಗ್ಗಿಸಿದ. ನಿಂತ ಆ ಮೂವರಲ್ಲಿ ಒಬ್ಬ ನಮ್ಮಪ್ಪ, ಒಬ್ಬ ಅವನು. ನಾನು ವಾಸನೆಯ ನೆಪ ಮಾಡಿ ಕಣ್ಣೊರೆಸಿಕೊಂಡೆ.

ಕಾಕಾ ಧಾರವಾಡಕ್ಕೆ ಹೋದ. ತಾರಸಿ ತೊಳೆದ ದಿನ ಪದ್ಮಕ್ಕ ಮತ್ತೆ ಕಿಟಕಿ ಮುಚ್ಚಿದರು.

ಲಿಫ್ಟಿನ ವಿಷಯ ಅರ್ಧಕ್ಕೇ ಬಿಟ್ಟೆ. ಇವತ್ತು ಸೊಸೈಟಿಯ ಸೆಕ್ರೆಟರಿ ಫೋನ್ ಮಾಡಿದ್ದ. ವಾಸನೆಯ ಬಗ್ಗೆ ದೂರು ಬಂದಿದೆ, ಬಿಲ್ಡಿಂಗಿಗೇ ಹಿರಿಯ ಸಸ್ಯಾಹಾರಿಯಾದ ನಾನು ಮೀಟಿಂಗಿನಲ್ಲಿ ಎರಡು ಮಾತಾಡಬೇಕಂತೆ. ಹೋದ ವಾರವಾಗಿದ್ದರೆ ನಾನೇ ಮುಂದಿನ ಕುರ್ಚಿಯಲ್ಲಿ ಕೂರುತ್ತಿದ್ದೆ. ಈಗ, ಆ ವಾಸನೆ ಯಾರದ್ದೂ ಅಲ್ಲಪ್ಪ, ನಮ್ಮ ಅಜ್ಜಿಯದು ಎಂದೆ. ಅವನು, “ದಾದೀಜೀ ಕಬ್ ಆಯೀ, ಆಂಟೀ?” ಎಂದು ಮೆತ್ತಗೆ ಕೇಳಿದ.

ಮೊನ್ನೆ, ಲಿಫ್ಟಿನಲ್ಲಿ ಬಂದಳು ಎಂದೆ.