ಎಂಬತ್ತೆಂಟು ತೋಳುಗಳು

ನಮ್ಮ ಆಸ್ಪತ್ರೆಯ ಬಟ್ಟೆಕೋಣೆಗೆ ಆಕೆ ಹೊಲಿಗೆಯವಳಾಗಿ ಸೇರಿದ್ದು ೧೯೬೨ನೆಯ ಇಸವಿ ಜೂನ್ ೪, ಸೋಮವಾರ. ತೀರಿಕೊಂಡದ್ದು ೨೦೦೩ ಆಗಸ್ಟ್ ೧೪, ಗುರುವಾರ. ಆಸ್ಪತ್ರೆಗೆ ಆಸ್ಪತ್ರೆಯೇ ಆಕೆಯನ್ನು ಸೂಜಿಯಕ್ಕ ಎನ್ನುತ್ತಿತ್ತು. ಹರಿದ ಹಾಸು, ಗುಂಡಿ ಉದುರಿದ ನಿಲುವಂಗಿ, ಅಂಚು ಬಿಚ್ಚಿದ ಪರದೆ ಎಲ್ಲವೂ ಆಕೆಯ ಮೇಜಿಗೇ ಬರಬೇಕು. ಗಂಡ ಹೋದ ಮೇಲೆ, ಇದ್ದೊಬ್ಬ ತಂಗಿಯನ್ನು ಹೊಲಿಗೆ ಯಂತ್ರ ತುಳಿದೇ ಓದಿಸಿ ದಾದಿಯನ್ನಾಗಿ ಮಾಡಿದ್ದಳು. ತಂಗಿಗೆ ಕೆಲಸ ಎಳೆಗೂಸುಗಳ ವಾರ್ಡಿನಲ್ಲಿ. ನಾನು ಕಚೇರಿಯ ಮೇಲ್ವಿಚಾರಕ. ತಾರೀಖು ತಪ್ಪಿದ ಕಾಗದವನ್ನು ನಾನು ಕೈಯಿಂದಲೂ ಮುಟ್ಟುತ್ತಿರಲಿಲ್ಲವಾದ್ದರಿಂದ ಸೂಜಿಯಕ್ಕ ನನ್ನನ್ನು ‘ಕ್ಯಾಲೆಂಡರಣ್ಣ’ ಎಂದೇ ಕರೆಯುತ್ತಿದ್ದಳು.

ಆರೋಗ್ಯ ಸಚಿವರ ಸುತ್ತೋಲೆ ಬಂದದ್ದು ೧೯೮೭ ಮಾರ್ಚ್ ೯, ಸೋಮವಾರ. ದಾದಿಯರ ಬರಿಯ ಮೊಣಕೈ ಸಭ್ಯತೆಗೆ ಭಂಗವಂತೆ. ಏಪ್ರಿಲ್ ೧ರಿಂದ ಅಂಗಿಯ ತೋಳು ಮಣಿಕಟ್ಟಿನವರೆಗೆ ಇರತಕ್ಕದ್ದು. ತಪ್ಪಿದವರಿಗೂ ಅದಕ್ಕೆ ನೆರವಾದವರಿಗೂ ವಜಾ. ಅದನ್ನು ನಾನೇ ಬಟ್ಟೆಕೋಣೆಗೆ ಒಯ್ದು, ದಿನಾಂಕಸಮೇತ ಗಟ್ಟಿಯಾಗಿ ಓದಿದೆ.

“ಸಾಯೋರನ್ನ ಬಿಟ್ಟು ಮೊಣಕೈ ನೋಡೋಕೆ ಹೊರಟ್ರಾ ಇವ್ರು?” ಎಂದಳು ಸೂಜಿಯಕ್ಕ, ಹಲ್ಲಲ್ಲಿ ದಾರ ಕಚ್ಚಿಕೊಂಡೇ.

ಬಾಗಿಲಲ್ಲಿ ನಿಂತಿದ್ದ ತಂಗಿ ನಗಲಿಲ್ಲ. “ಒಂದೊಂದು ಕೂಸು ಮುಟ್ಟೋ ಮುಂಚೆ ಮೊಣಕೈವರೆಗೂ ಸೋಪು ಹಾಕಿ ತೊಳೀಬೇಕಕ್ಕ. ಒದ್ದೆ ತೋಳಲ್ಲಿ ಎತ್ತಿದ್ರೆ ಅವಕ್ಕೆ ನಂಜಾಗಲ್ವಾ?”

“ಸುಮ್ನಿರೇ, ನಾನಿನ್ನೂ ಸತ್ತಿಲ್ಲ.”

ಆಕೆ ಹೂಡಿದ ಉಪಾಯ ಸರಳವಾಗಿತ್ತು. ಅಂಗಿಯ ಗಿಡ್ಡ ತೋಳು ಹಾಗೆಯೇ ಇರಲಿ; ಅದರ ಅಂಚಿನೊಳಗೆ ನಾಲ್ಕು ಪ್ರೆಸ್ ಬಟನ್; ಅವಕ್ಕೆ ಸಿಕ್ಕಿಸಲು ಮಣಿಕಟ್ಟಿನವರೆಗಿನ ಬೇರೊಂದು ತುಂಡು. ಎಳೆದರೆ ಟಕಟಕನೆ ಬಿಚ್ಚಿಕೊಳ್ಳುವುದು. ನಲವತ್ತನಾಲ್ಕು ದಾದಿಯರಿಗೆ ಎಂಬತ್ತೆಂಟು ತೋಳುಗಳನ್ನು ಹದಿನೇಳು ದಿನಗಳಲ್ಲಿ ಹೊಲಿದು ಮುಗಿಸಿದಳು.

ಸಚಿವರು ಭೇಟಿಗೆ ಬಂದದ್ದು ಮಾರ್ಚ್ ೨೭, ಶುಕ್ರವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ. ಅವರನ್ನು ಮೆಚ್ಚಿಸಲೆಂದು ನಮ್ಮ ವೈದ್ಯಾಧಿಕಾರಿಗಳು ಗಡುವಿಗೂ ಮುಂಚೆಯೇ ದಾದಿಯರಿಗೆ ಹೊಸ ತೋಳು ತೊಡಿಸಿದ್ದರು. ಗುಂಡಿಗಿಂಡಿ ಕಿತ್ತುಬಂದೀತೆಂದು ಸೂಜಿಯಕ್ಕನೂ ದಾರ ಹಿಡಿದು ಎಳೆಗೂಸುಗಳ ವಾರ್ಡಿನ ಬಾಗಿಲ ಮರೆಯಲ್ಲಿದ್ದಳು. ಸಾಲಾಗಿ ಮುಚ್ಚಿದ ಕೈಗಳನ್ನು ಕಂಡು ಸಚಿವರು ಹಿಗ್ಗಿದರು. ಕೂಸೊಂದನ್ನು ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳುವ ಮನಸ್ಸಾಯಿತು. “ಒಂದು ಮಗು ಕೊಡಮ್ಮ” ಎಂದರು.

ತಂಗಿ ಹನ್ನೊಂದು ವರ್ಷದ ಅಭ್ಯಾಸದಂತೆ ನಲ್ಲಿಯತ್ತ ತಿರುಗಿದಳು. ಎರಡೂ ತೋಳು ಟಕಟಕನೆ ಕಿತ್ತು ಮೊಳೆಗೆ ಸಿಕ್ಕಿಸಿದಳು. ಮೊಣಕೈವರೆಗೆ ಸೋಪು ಹಚ್ಚಿಕೊಳ್ಳುತ್ತ, ಹಿಂದಿರುಗಿಯೂ ನೋಡದೆ, “ನೀವೂ ಕೈ ತೊಳ್ಕೊಳ್ಳಿ ಸಾರ್, ಹಾಗೇ ಮುಟ್ಟೋ ಹಾಗಿಲ್ಲ” ಎಂದಳು.

ಫೋಟೊದವನು ಕಿಸಕ್ಕನೆ ನಕ್ಕ. ಸಚಿವರ ಮುಖ ಕಪ್ಪಿಟ್ಟಿತು. ಮೊಳೆಯಿಂದ ತೋಳೊಂದನ್ನು ಕಿತ್ತು, “ಏನ್ರೀ ಈ ನಾಟಕ? ಇವಳನ್ನ ಈಗಲೇ ಮನೆಗೆ ಕಳಿಸಿ!” ಎಂದು ಗುಡುಗಿದರು.

ಸೂಜಿಯಕ್ಕ ಮರೆಯಿಂದ ಮುಂದೆ ಬಂದಳು. “ನಾಟಕ ನಂದು ಸ್ವಾಮಿ. ಹೊಲಿದವಳು ನಾನು, ಹೀಗೆ ಬಿಚ್ಚು ಅಂತ ಹೇಳ್ಕೊಟ್ಟವಳೂ ನಾನು. ಕಳಿಸೋದಾದ್ರೆ ನನ್ನ ಕಳಿಸಿ. ಅವಳಿಗೆ ವಾರ್ಡು ತುಂಬ ಕೂಸುಗಳಿವೆ.”

“ಹಾಗೇ ಆಗ್ಲಿ” ಎಂದರು ಸಚಿವರು. ವೈದ್ಯಾಧಿಕಾರಿಗಳು ತಲೆಯಾಡಿಸಿದರು.

ಏಪ್ರಿಲ್ ಒಂದಕ್ಕೆ ಇನ್ನೂ ಐದು ದಿನವಿತ್ತು. ಜಾರಿಗೇ ಬಾರದ ನಿಯಮವನ್ನು ಅಂದು ಯಾರೂ ಮುರಿದಿರಲಿಲ್ಲ. ಸುತ್ತೋಲೆಯ ಕಡತ ನನ್ನ ಕಂಕುಳಲ್ಲಿಯೇ ಇತ್ತು. ನಾನು ತುಟಿ ಪಿಟಕ್ಕೆನ್ನಲಿಲ್ಲ. ಮಧ್ಯಾಹ್ನ ವಜಾ ಆದೇಶವನ್ನು ಟೈಪು ಮಾಡಿದವನೂ ನಾನೇ: ಮಾರ್ಚ್ ೩೧ರ ಸಂಜೆಯಿಂದ ಸೇವೆ ಮುಕ್ತಾಯ, ಅಷ್ಟರೊಳಗೆ ಎಂಬತ್ತೆಂಟೂ ತೋಳುಗಳನ್ನು ಬಿಚ್ಚಲಾಗದಂತೆ ಹೊಲಿದುಕೊಡತಕ್ಕದ್ದು.

ಆ ಮಂಗಳವಾರ ನಾಲ್ಕೂವರೆಗೆ ಬೀಗದಕೈ ಪಡೆಯಲು ಹೋದೆ. ಆಕೆ ಕೊನೆಯ ಜೋಡಿಯನ್ನು ಹೊಲಿಯುತ್ತಿದ್ದಳು. ಅದು ತಂಗಿಯ ಅಂಗಿ. ಕಿತ್ತ ಪ್ರೆಸ್ ಬಟನ್‌ಗಳು ಡಬ್ಬಿಯೊಂದರಲ್ಲಿದ್ದವು.

“ಅವತ್ತು ತಾರೀಖು...” ಎಂದು ಬಾಯಿ ತೆರೆದೆ.

“ಗೊತ್ತು ಕ್ಯಾಲೆಂಡರಣ್ಣ. ನೀವೇ ಇಲ್ಲಿ ನಿಂತು ಓದಿದ್ರಲ್ಲ.” ದಾರ ಕಡಿದು, ಯಂತ್ರಕ್ಕೆ ಮುಸುಕು ಹಾಕಿ, ಬೀಗದಕೈಯನ್ನು ನನ್ನ ಅಂಗೈಯಲ್ಲಿಟ್ಟಳು. “ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ ನಿಮ್ಮ ಮುಖಾನೇ ನೋಡ್ತಾ ಇದ್ದೆ.”

ಮರುದಿನ, ಬುಧವಾರ, ನಿಯಮ ಜಾರಿಗೆ ಬಂತು. ಎಳೆಗೂಸುಗಳ ವಾರ್ಡನ್ನು ಹಾದುಹೋಗುವಾಗ ನೋಡಿದೆ. ತಂಗಿ ನಲ್ಲಿಯ ಬಳಿ ನಿಂತು ತೋಳು ಹಿಂಡುತ್ತಿದ್ದಳು.